ಝಡ್‌ಎನ್414 ರೇಡಿಯೋ: ಹಳೇ ಸರ್ಕ್ಯೂಟ್, ಹೊಸ ಬಿಡಿಭಾಗ

1970ರ ದಶಕದ ಹವ್ಯಾಸಿ ಪತ್ರಿಕೆಗಳಲ್ಲಿ ಪದೇಪದೇ ಬರುತ್ತಿದ್ದ ಮೀಡಿಯಂ ವೇವ್ ರೇಡಿಯೋ ಇದು. ಫೆರಾಂಟಿ ಕಂಪನಿಯ ಮೂರು ಕಾಲಿನ ರೇಡಿಯೋ ಐಸಿ (ಚಿಪ್) ಝಡ್‌ಎನ್414 ಈಗ ಸಿಗುವುದು ಕಷ್ಟ, ಅದರ ಬದಲಿಗೆ ಟಿಎ7642 ಸಾಕು. ಕಾಲುಗಳ ಕ್ರಮವನ್ನು ಮಾತ್ರ ಡೇಟಾಶೀಟ್ ನೋಡಿಯೇ ಬೆಸುಗೆ ಹಾಕಿ.

ಮೊದಲ ತೊಂದರೆ: ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬರಲೇ ಇಲ್ಲ. ಪತ್ರಿಕೆಯ ಲೆಕ್ಕ 500 ಪಿಎಫ್ (ಪಿಕೋಫ್ಯಾರಡ್) ಗ್ಯಾಂಗ್‌ನದು, ಅಂದರೆ ಸ್ಟೇಷನ್ ಹಿಡಿಯಲು ತಿರುಗಿಸುವ ಕೆಪಾಸಿಟರ್‌ನದು; ನನ್ನದು ಪ್ಲಾಸ್ಟಿಕ್ ಗ್ಯಾಂಗ್. ಅದರ ಎರಡೂ ಭಾಗ ಸೇರಿಸಿದರೂ ಸುಮಾರು 266 ಪಿಎಫ್. ಹಾಗಾಗಿ ಟ್ಯೂನಿಂಗ್ 730 ಕಿಲೋಹರ್ಟ್ಸ್ ಆಸುಪಾಸಿಗೇ ನಿಂತಿತ್ತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಕಡಿಮೆಯಾದ ಪಿಎಫ್ ಅನ್ನು ಸುರುಳಿಯ ಇಂಡಕ್ಟೆನ್ಸ್ ಹೆಚ್ಚಿಸಿ ಸರಿದೂಗಿಸಬೇಕು; ಅದು ಸುತ್ತುಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಫೆರೈಟ್ ಕಡ್ಡಿಯ 55 ಸುತ್ತನ್ನು 75ಕ್ಕೆ ಏರಿಸಿದೆ, ಸ್ಟೇಷನ್ ಬಂತು. ಸುರುಳಿಯನ್ನು ಕಾಗದದ ಕೊಳವೆಯ ಮೇಲೆ ಸುತ್ತಿದರೆ ಕಡ್ಡಿಯ ಮೇಲೆ ಸರಿಸಿ ಹೊಂದಿಸಬಹುದು.

ಆಮೇಲೆ ಕಿವಿಗಡಚಿಕ್ಕುವ ಕೂಗು. ಈ ಐಸಿ 1.5 ವೋಲ್ಟ್ ಸುತ್ತ ಕೆಲಸ ಮಾಡುವಂಥದ್ದು, ಹೆಚ್ಚಾದರೆ ಆಸಿಲೇಟ್ ಆಗುತ್ತದೆ, ಅಂದರೆ ತಾನೇ ಕೂಗತೊಡಗುತ್ತದೆ. 9 ವೋಲ್ಟ್‌ನಿಂದ 3.3ಕೆ (ಕಿಲೋಓಮ್) ರೆಸಿಸ್ಟರ್, ಅಲ್ಲಿಂದ ಗ್ರೌಂಡಿಗೆ ಸಾಲಾಗಿ ಎರಡು 1ಎನ್4148 ಡಯೋಡ್, ಅವುಗಳಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಸುಮಾರು 1.3 ವೋಲ್ಟ್ ಸಿಗುತ್ತದೆ. ಅಲ್ಲಿಂದ ಐಸಿಯ ಔಟ್‌ಪುಟ್ ಕಾಲಿಗೆ 1ಕೆ ರೆಸಿಸ್ಟರ್. ಕೂಗು ಉಳಿದರೆ ಅದರ ಬದಲು 1.5ಕೆ ಹಾಕಿ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇಳಿಯುತ್ತದೆ. ಔಟ್‌ಪುಟ್‌ನಿಂದ ಗ್ರೌಂಡಿಗೆ ಹೋಗುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಐಸಿಗೆ ಅಂಟಿಕೊಂಡಂತಿರಲಿ. ಬ್ರೆಡ್‌ಬೋರ್ಡ್‌ನಲ್ಲಿ (ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಈ ಸರ್ಕ್ಯೂಟನ್ನು ಪಳಗಿಸುವ ಗೋಜಿಗೇ ಹೋಗಬೇಡಿ. ಸ್ಪೀಕರ್ ತಂತಿಯನ್ನೂ ಫೆರೈಟ್ ಕಡ್ಡಿಯಿಂದ ದೂರ ಎಳೆಯಿರಿ.