ಕೂಸಿನ ಜೊತೆ ಒಂದು ದಿನ ಲಂಡನ್‌ಗೆ: ಹೊಸಬರಿಗೆ ಮಾರ್ಗದರ್ಶಿ

ಊರಿಂದ ಬ್ರಿಟನ್ನಿಗೆ ಬಂದ ಹೊಸದರಲ್ಲಿ ಎಲ್ಲರಿಗೂ ಒಂದೇ ಆಸೆ. ಸಾಮಾನು ಬಿಚ್ಚುವ ಮೊದಲೇ ಲಂಡನ್ ನೋಡಿ ಬರಬೇಕು, ಬಿಗ್ ಬೆನ್ ಮುಂದೆ ಕೂಸನ್ನೆತ್ತಿಕೊಂಡು ಫೋಟೋ ತೆಗೆಸಿ ಅಜ್ಜಿ ತಾತನಿಗೆ ಕಳಿಸಬೇಕು. ಖಂಡಿತ ಹೋಗಿ ಬನ್ನಿ. ಆದರೆ ಹೊರಡುವ ಹಿಂದಿನ ರಾತ್ರಿ ಹತ್ತು ಗಂಟೆಗೆ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ "ನಾಳೆ ಲಂಡನ್, ಐದು ತಿಂಗಳ ಮಗು, ಏನಾದರೂ ಟಿಪ್ಸ್?" ಎಂದು ಕೇಳುವವರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿ ಇದನ್ನು ಬರೆದಿಟ್ಟಿದ್ದೇವೆ. ಇದು ವರ್ಷ ತುಂಬದ ಕೂಸುಗಳಿಗೆ. ಓಡಾಡುವ ಮಕ್ಕಳ ಕಥೆಯೇ ಬೇರೆ.

ಎಷ್ಟು ನೋಡಬಹುದು?

ಒಂದು ಜಾಗ. ಹೆಚ್ಚೆಂದರೆ ಎರಡು, ಅವೂ ನಡೆದುಹೋಗುವಷ್ಟು ಹತ್ತಿರವಿದ್ದರೆ. ಬೆಳಿಗ್ಗೆ ಟವರ್ ಬ್ರಿಜ್, ಮಧ್ಯಾಹ್ನ ಮ್ಯೂಸಿಯಂ, ಸಂಜೆ ನೀಸ್ಡನ್ ದೇವಸ್ಥಾನ, ಇಂಥ ಟೆಂಪೋ ಟ್ರಾವೆಲರ್ ಪ್ರವಾಸದ ಲೆಕ್ಕ ಇಲ್ಲಿ ಬೇಡ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಅದನ್ನೂ ನೆನಪಿಡಿ.

ರೈಲು

ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳವರೆಗೆ. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಎಂಬ ಹೆಸರು ಕೇಳಿ ಕೊಳ್ಳಲು ಹೋಗಬೇಡಿ. ಅದರ ರಿಯಾಯಿತಿಗೆ 5ರಿಂದ 15 ವರ್ಷದ ಮಗು ಜೊತೆಗಿರಬೇಕು, ನಿಮ್ಮ ಕೂಸು ಲೆಕ್ಕಕ್ಕಿಲ್ಲ. ಗಂಡ ಹೆಂಡತಿಗೆ ಟೂ ಟುಗೆದರ್ ಕಾರ್ಡೇ ಸರಿ, ಟಿಕೆಟ್ ದುಡ್ಡಿನಲ್ಲಿ ಮೂರರಲ್ಲೊಂದು ಭಾಗ ಉಳಿಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಅದು ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಕೂಸಿನ ಜೊತೆ ಹೊರಡುವ ಅಗತ್ಯವೂ ಇಲ್ಲ, ಆಫೀಸಿನವರು ಬಾಗಿಲವರೆಗೆ ನಿಂತಿರುತ್ತಾರೆ. ಪುಳಿಯೋಗರೆ ಡಬ್ಬಿ ರೈಲಿನಲ್ಲೇ ತೆಗೆದು ತಿನ್ನಿ, ಯಾರೂ ಏನೂ ಅನ್ನುವುದಿಲ್ಲ.

ಲಿಫ್ಟು, ಲಿಫ್ಟು, ಲಿಫ್ಟು

ಟ್ಯೂಬ್, ಅಂದರೆ ನೆಲದಡಿಯ ರೈಲಿನ ನಕ್ಷೆ ನೋಡಿದರೆ ಇಡೀ ಲಂಡನ್ ಬೆರಳ ತುದಿಯಲ್ಲಿದೆ ಅನ್ನಿಸುತ್ತದೆ. ಆದರೆ 272 ಸ್ಟೇಷನ್ನುಗಳಲ್ಲಿ ಮೆಟ್ಟಿಲು ಹತ್ತದೆ ಇಳಿಯದೆ ಪ್ಲಾಟ್‌ಫಾರ್ಮ್ ತಲುಪಬಹುದಾದವು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ಇಳಿದು ಲಿಫ್ಟ್ ಹುಡುಕಿದ್ದೇ ಹುಡುಕಿದ್ದು. ಅಲ್ಲಿ ಲಿಫ್ಟೇ ಇಲ್ಲ. ನಮ್ಮ ಮನೆಯವರು ಪ್ರ್ಯಾಮಿನ (ಕೂಸಿನ ತಳ್ಳುಗಾಡಿಯ) ಮುಂದಿನ ಚಕ್ರ ಹಿಡಿದು ಹಿಂದೆ ಹಿಂದೆ ಹತ್ತುತ್ತಿದ್ದರು, ನಾನು ಕೆಳಗಿನಿಂದ ಹಿಡಿಕೆ ಎತ್ತಿ ಹಿಡಿದಿದ್ದೆ, ಬುಟ್ಟಿಯಲ್ಲಿದ್ದ ಕಿತ್ತಳೆಹಣ್ಣು ಒಂದೊಂದಾಗಿ ಉರುಳಿ ಹೋದವು. ಅಷ್ಟರಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಒಬ್ಬ ಹುಡುಗ ಬಂದ. ಒಂದು ಮಾತೂ ಆಡದೆ ಇನ್ನೊಂದು ಬದಿ ಹಿಡಿದು ಮೇಲಿನವರೆಗೂ ತಂದಿಟ್ಟು ಹೋಗಿಯೇಬಿಟ್ಟ. ಇಲ್ಲಿಯ ಜನ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ದೂರುತ್ತೀರಲ್ಲ, ಪ್ರ್ಯಾಮ್ ಕಂಡರೆ ಕೈಹಾಕುತ್ತಾರೆ. ನೀವೂ ಮುಂದೆ ಹಾಕಿ.

ಆದ್ದರಿಂದ ಮೊದಲು ಲಿಫ್ಟಿರುವ ಸ್ಟೇಷನ್ ನೋಡಿ, ಆಮೇಲೆ ನೋಡುವ ಜಾಗ ಆರಿಸಿ. ಲಂಡನ್ ಸಾರಿಗೆ ಸಂಸ್ಥೆಯ ಟಿಎಫ್‌ಎಲ್ ಗೋ ಆ್ಯಪಿನಲ್ಲಿ ಮೆಟ್ಟಿಲಿಲ್ಲದ ದಾರಿ ಮಾತ್ರ ತೋರಿಸು ಎಂದು ಕೇಳಬಹುದು. ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ನೀಲಿಯಿದ್ದರೆ ರಸ್ತೆಯಿಂದ ರೈಲಿನೊಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿಯಿದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ, ರೈಲು ಹತ್ತುವಾಗ ಪ್ರ್ಯಾಮ್ ಎತ್ತಬೇಕಾಗಬಹುದು. 2022ರಲ್ಲಿ ಶುರುವಾದ ಎಲಿಜಬೆತ್ ಲೈನಿನ 41 ಸ್ಟೇಷನ್ನುಗಳಲ್ಲೂ ಮೆಟ್ಟಿಲಿಲ್ಲದ ದಾರಿಯಿದೆ, ರೈಲಿನಲ್ಲಿ ಎಸಿಯೂ ಇದೆ. ಜುಬಿಲಿ ಲೈನಿನಲ್ಲಿ ವೆಸ್ಟ್‌ಮಿನ್‌ಸ್ಟರಿನಿಂದ ಸ್ಟ್ರಾಟ್‌ಫರ್ಡ್‌ವರೆಗೆ ಎಲ್ಲ ಕಡೆ ಲಿಫ್ಟಿದೆ, ಅಂದರೆ ನಿಮ್ಮ ಬಿಗ್ ಬೆನ್ ಫೋಟೋಗೆ ತೊಂದರೆಯಿಲ್ಲ. ಗ್ರೀನ್ ಪಾರ್ಕಿನಲ್ಲಿ ಇಳಿದರೆ ಪಾರ್ಕಿನೊಳಗೇ ನಡೆದು ಬಕಿಂಗ್‌ಹ್ಯಾಮ್ ಅರಮನೆ ತಲುಪಬಹುದು. ಬ್ರಿಟಿಷ್ ಮ್ಯೂಸಿಯಂಗೆ ಟಾಟನ್‌ಹ್ಯಾಮ್ ಕೋರ್ಟ್ ರೋಡ್. ಮ್ಯೂಸಿಯಂ ಮುಂದಿನ ಮೆಟ್ಟಿಲು ಕಂಡು ಗಾಬರಿಯಾಗಬೇಡಿ, ಬದಿಯಲ್ಲಿ ಲಿಫ್ಟಿದೆ, ಪ್ರವೇಶವೂ ಉಚಿತ. ಪಿಕಡಿಲಿ ಸರ್ಕಸ್, ಲೆಸ್ಟರ್ ಸ್ಕ್ವೇರ್ ಸ್ಟೇಷನ್ನುಗಳನ್ನು ಕೂಸು ನಡೆಯುವ ತನಕ ಮರೆತುಬಿಡಿ.

ಪ್ಲಾಟ್‌ಫಾರ್ಮಿನಲ್ಲಿ ಪ್ರ್ಯಾಮನ್ನು ಹಳಿಯ ಕಡೆ ಮುಖ ಮಾಡಿ ನಿಲ್ಲಿಸಲೇಬೇಡಿ. ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ, ಬ್ರೇಕ್ ಒತ್ತಿ, ಹಿಡಿಕೆ ಬಿಡಬೇಡಿ. ಕಣ್ಣಿಗೆ ಕಾಣದಷ್ಟು ಇಳಿಜಾರಿದ್ದರೂ ಪ್ರ್ಯಾಮ್ ಉರುಳುತ್ತದೆ. ಟಿಕೆಟ್ ಹುಡುಕಲು ಎರಡೂ ಕೈ ಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಎಸ್ಕಲೇಟರ್ ಆದರೆ ಕೂಸು ಒಬ್ಬರ ತೋಳಲ್ಲಿ, ಮಡಿಸಿದ ಪ್ರ್ಯಾಮ್ ಇನ್ನೊಬ್ಬರ ಕೈಯಲ್ಲಿ.

ಬಸ್ಸು, ಟ್ಯಾಕ್ಸಿ

ಬಸ್ಸಿಗೆ ಪ್ರ್ಯಾಮ್ ಮಡಿಸದೆ ಹತ್ತಿಸಬಹುದು. ಗಾಲಿಕುರ್ಚಿಯವರು ಬಂದರೆ ಆ ಜಾಗ ಅವರದು. ಮುಖ ಊದಿಸಿಕೊಳ್ಳದೆ ಮಡಿಸಿ, ಇಲ್ಲವೇ ಇಳಿದು ಮುಂದಿನ ಬಸ್ ಹಿಡಿಯಿರಿ. ಒಂದು ಗಂಟೆಯೊಳಗೆ ಹತ್ತುವ ಇನ್ನೊಂದು ಬಸ್ಸಿಗೆ ಮತ್ತೆ ದುಡ್ಡು ಕಡಿಯುವುದಿಲ್ಲ, ಅದೇ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ. ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ಗಂಡನಿಗೊಂದು ಕಾರ್ಡು, ಹೆಂಡತಿಗೊಂದು. ಕಪ್ಪು ಟ್ಯಾಕ್ಸಿಯೊಳಗೂ ಪ್ರ್ಯಾಮ್ ಹಾಗೇ ಹಿಡಿಯುತ್ತದೆ.

ಹಾಲು

ಬಾಣಂತನ ಮುಗಿಸಿ ಬಂದ ಹೊಸ ತಾಯಂದಿರು ಇದನ್ನು ಎರಡು ಸಲ ಓದಿ. ಎದೆಹಾಲು ಎಲ್ಲಿ ಬೇಕಾದರೂ ಕುಡಿಸಬಹುದು, ಬಸ್ಸಿನಲ್ಲಿ, ಪಾರ್ಕಿನಲ್ಲಿ, ಹೋಟೆಲಿನಲ್ಲಿ. 2010ರ ಸಮಾನತಾ ಕಾಯ್ದೆಯ ಪ್ರಕಾರ ಹಾಲು ಕುಡಿಸುತ್ತಿದ್ದೀರಿ ಎಂಬ ಕಾರಣಕ್ಕೆ ನಿಮ್ಮನ್ನು ಏಳಿಸುವಂತಿಲ್ಲ. ಹಾಗಿದ್ದೂ ಒಂದು ಕಾಫಿ ಅಂಗಡಿಯಲ್ಲಿ ಕೆಲಸದ ಹುಡುಗಿ ನನ್ನ ಬಳಿ ಬಂದು, ಟಾಯ್ಲೆಟ್ ಆ ಕಡೆ ಇದೆ, ಅಲ್ಲಿ ಆರಾಮಾಗಿರುತ್ತದೆ ಅಂದಳು. ಬಂದು ಒಂದು ತಿಂಗಳೂ ಆಗಿರಲಿಲ್ಲ, ಕಾನೂನು ಗೊತ್ತಿರಲಿಲ್ಲ. ಎದ್ದು ಹೋಗಿ ಕಮೋಡಿನ ಮುಚ್ಚಳದ ಮೇಲೆ ಕೂತು ಕುಡಿಸಿದೆ. ಹೊರಗೆ ಕೈ ಒಣಗಿಸುವ ಯಂತ್ರ ಬುರ್ರೆಂದಾಗಲೆಲ್ಲ ಮಗು ಬೆಚ್ಚಿ ಬಾಯಿ ಬಿಡುತ್ತಿತ್ತು. ನೀವು ಏಳಬೇಡಿ. "ನೋ, ಥ್ಯಾಂಕ್ಸ್" ಎಂದು ಹೇಳಿ ಅಲ್ಲೇ ಕೂತಿರಿ. ಮರೆ ಬೇಕೆನಿಸಿದರೆ ನಮ್ಮ ದುಪಟ್ಟಾ ಇದ್ದೇ ಇದೆಯಲ್ಲ. ಕೂಸಿನ ಮೂಗಿಗೆ ಗಾಳಿ ಆಡಬೇಕು, ಅಷ್ಟೇ. ಜೊತೆಗಿರುವ ಗಂಡಸರಿಗೊಂದು ಮಾತು: ಅತ್ತಿತ್ತ ನೋಡಿ ಸಂಕೋಚಪಡಬೇಡಿ, ಹೋಗಿ ಅವರಿಗೆ ಒಂದು ಲೋಟ ನೀರು ತನ್ನಿ.

ಡಬ್ಬಿ ಹಾಲಾದರೆ ಕುದಿಸಿದ ನೀರು ಫ್ಲಾಸ್ಕಿನಲ್ಲಿ, ಪುಡಿ ಅಳೆದು ಬೇರೆ ಡಬ್ಬಿಯಲ್ಲಿ. ಪುಡಿಯಲ್ಲಿರಬಹುದಾದ ಸೂಕ್ಷ್ಮಾಣು ಸಾಯಲು ನೀರು ಕನಿಷ್ಠ 70 ಡಿಗ್ರಿ ಬಿಸಿಯಿರಬೇಕು, ಬೆರೆಸಿ ಆರಿಸಿ ಕುಡಿಸಿ. ಬೆರೆಸಿದ್ದು ಎರಡು ಗಂಟೆ ದಾಟಿದರೆ ಚೆಲ್ಲಿ. ವ್ಯರ್ಥವಾಯಿತಲ್ಲ ಎಂದು ಎತ್ತಿಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಒಂದು ದಿನದ ಮಟ್ಟಿಗೆ, ಬೆರೆಸಿಯೇ ಸಿಗುವ ಸಣ್ಣ ಬಾಟಲಿಗಳು ಸುಲಭ. ಆರು ತಿಂಗಳವರೆಗೆ ರಾಗಿ ಸರಿ ಬೇಡ. ಎದೆಹಾಲು ಕುಡಿಯುವ ಕೂಸಿಗೆ ಅಲ್ಲಿಯತನಕ ನೀರೂ ಬೇಡ. ಅಳು ನಿಲ್ಲಿಸಲು ಜೇನು ನೆಕ್ಕಿಸುವುದು ಒಂದು ವರ್ಷದವರೆಗೆ ಖಂಡಿತ ಕೂಡದು, ಅಜ್ಜಿ ಫೋನಿನಲ್ಲಿ ಎಷ್ಟೇ ಹೇಳಲಿ.

ಬಟ್ಟೆ

ಕುಲಾವಿ, ಸ್ವೆಟರ್, ಅದರ ಮೇಲೊಂದು ಸ್ವೆಟರ್, ಅದರ ಮೇಲೆ ಶಾಲು. ನಮ್ಮ ಕೂಸುಗಳನ್ನು ದೂರದಿಂದಲೇ ಗುರುತಿಸಬಹುದು! ಟ್ಯೂಬಿನೊಳಗೆ ಸೆಕೆ, ಸೆಂಟ್ರಲ್ ಲೈನಿನಲ್ಲಂತೂ ಬೆವರೇ ಬೆವರು. ಒಳಗೆ ಬಂದ ಕೂಡಲೇ ಟೋಪಿ, ದಪ್ಪ ಕೋಟು ತೆಗೆಯಿರಿ, ನಿದ್ದೆ ಕೆಡುತ್ತದೆ ಎಂದು ಬಿಡಬೇಡಿ. ಬಿಸಿಲಿಗೆಂದು ಪ್ರ್ಯಾಮಿನ ಮೇಲೆ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಕಾದುಬಿಡುತ್ತದೆ.

ಚೀಲದಲ್ಲಿ

ಡೈಪರ್, ಲೆಕ್ಕಕ್ಕಿಂತ ಮೂರು ಹೆಚ್ಚು
ಒರೆಸುವ ವೈಪ್ಸ್
ಕೂಸಿಗೆ ಎರಡು ಜೊತೆ ಬಟ್ಟೆ
ನಿಮಗೊಂದು ಟಾಪ್ (ನಗಬೇಡಿ)
ಪ್ಲಾಸ್ಟಿಕ್ ಚೀಲ
ಪ್ರ್ಯಾಮಿನ ಮಳೆ ಕವರ್
ಪವರ್ ಬ್ಯಾಂಕ್

ಯೂಸ್ಟನ್, ಕಿಂಗ್ಸ್ ಕ್ರಾಸ್‌ನಂಥ ದೊಡ್ಡ ರೈಲು ನಿಲ್ದಾಣಗಳ ಟಾಯ್ಲೆಟ್‌ಗಳಿಗೆ 2019ರಿಂದ ದುಡ್ಡಿಲ್ಲ. ರೈಲಿಳಿದ ಕೂಡಲೇ ಅಲ್ಲೇ ಡೈಪರ್ ಬದಲಿಸಿಕೊಂಡು ಹೊರಡಿ.

ಬಸವಣ್ಣ

ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ ನಮ್ಮ ಬಸವೇಶ್ವರರ ಪ್ರತಿಮೆಯಿದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಪಾರ್ಲಿಮೆಂಟ್ ಭವನ ಅಲ್ಲಿಂದ ನದಿಯಾಚೆಗೆ ಕಾಣುತ್ತದೆ. ಲಂಡನ್‌ಗೆ ಹೋಗಿ ಮೇಣದ ಗೊಂಬೆ ನೋಡಿ ಬಂದು, ಬಸವಣ್ಣನ ವಿಷಯ ಗೊತ್ತೇ ಇರಲಿಲ್ಲ ಎನ್ನುವ ಕನ್ನಡಿಗರ ಮೇಲೆ ಸಂಘಕ್ಕೆ ಸಿಟ್ಟಿದೆ. ಲಿಫ್ಟಿರುವ ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಇಳಿದು ನದಿಗುಂಟ ನಡೆಯಿರಿ, ದಾರಿ ಸಮತಟ್ಟು. ನದಿಗಾಳಿ ಜೋರು, ಇಲ್ಲಿ ಮಾತ್ರ ಆ ಎರಡನೇ ಸ್ವೆಟರ್ ಹಾಕಿ.

ಜ್ವರ ಬಂದರೆ

ಮೂರು ತಿಂಗಳೊಳಗೆ 38 ಡಿಗ್ರಿ, ಮೂರರಿಂದ ಆರು ತಿಂಗಳಿಗೆ 39 ಡಿಗ್ರಿ ಮುಟ್ಟಿದರೆ ಮನೆಗೆ ವಾಪಸ್ಸಾಗುವವರೆಗೆ ಕಾಯಬೇಡಿ, ಕೂಡಲೇ ಇಲ್ಲಿಯ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಉಸಿರಾಟದ ತೊಂದರೆಯಾದರೆ ತುರ್ತು ಸೇವೆಯ 999.

ಸಂಘದ ಬಳಿ ಎರಡು ಬೇಬಿ ಕ್ಯಾರಿಯರ್, ಒಂದು ಹಗುರ ಮಡಿಸುವ ಪ್ರ್ಯಾಮ್ ಇವೆ. ಬೇಕಾದವರು ಭಾನುವಾರದ ಕನ್ನಡ ತರಗತಿಯ ಹೊತ್ತಿಗೆ ಬಂದು ಒಯ್ಯಬಹುದು. ಕತ್ತು ನಿಲ್ಲದ ಕೂಸಿಗೆ ಕ್ಯಾರಿಯರ್ ಹೇಗೆ ಕಟ್ಟಬೇಕು ಎಂದು ಅಲ್ಲೇ ತೋರಿಸಿಕೊಡುತ್ತೇವೆ. ಮುಂದಿನ ಭಾನುವಾರ ಒಗೆದು ತಂದುಕೊಡಿ. ಒಗೆದು.