ಘಟ್ಟದ ಮೇಲೆ, ಕಡಲಂಚಿನಲ್ಲಿ ಮನೆ ಕೊಳ್ಳುವ ಮುನ್ನ

ಶಿರಸಿ ಸೀಮೆಯಲ್ಲಿ ತೋಟದೊಂದಿಗೆ ಮನೆ ಕೊಳ್ಳುವವರು ಮೊದಲು ಪಹಣಿಯನ್ನು ಸರ್ವೆ ನಕ್ಷೆಯೊಡನೆ ತಾಳೆ ನೋಡಬೇಕು; ಏಕೆಂದರೆ ಗಡಿ ತೋರಿಸುವಾಗ ಮಾರುವವರು ಸೇರಿಸಿಕೊಳ್ಳುವ ಸೊಪ್ಪಿನ ಬೆಟ್ಟವೆಂಬ ಸರ್ಕಾರಿ ಕಾಡುಜಾಗವು ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ದೊರೆತ ಸೌಲಭ್ಯವೇ ಹೊರತು ಮಾಲೀಕತ್ವವಲ್ಲ. ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತಿಳಿಸುವ ಋಣಭಾರ ಪತ್ರವನ್ನೂ, ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಅದರ ಗಣಕೀಕೃತ ಆಸ್ತಿ ದಾಖಲೆಯಾದ ಇ-ಸ್ವತ್ತನ್ನೂ ಕೇಳಬೇಕು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಮಾರುವವರು ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳುವುದು ಒಳಿತು. ಪಾಲಾಗದ ಆಸ್ತಿಗೆ, ಮಾರುವವರ ತಂಗಿ ದೂರದ ಮುಂಬೈಯಲ್ಲಿದ್ದರೂ, ಅವಳ ಸಹಿಯೂ ಬೇಕು.

ಕಾರವಾರದ ತೆರೆದ ಕಡಲತೀರದಲ್ಲಿ ಭರತರೇಖೆಯಿಂದ (ಭರತದ ನೀರು ತಲುಪುವ ಗೆರೆಯಿಂದ) 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುವುದರಿಂದ ಕಟ್ಟಡದ ಪರವಾನಗಿಯನ್ನು ಪರಿಶೀಲಿಸಬೇಕು. ಬಾವಿಯ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ, ಉಪ್ಪು ತಿಳಿಯುವುದು ಆಗಲೇ. ಮನೆಯನ್ನು ಮಾತ್ರ ಆಷಾಢದ ಮಳೆಯಲ್ಲೇ ನೋಡಬೇಕು. ಚಿರೆಕಲ್ಲಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಏರಿದ ತೇವದ ಗೆರೆಯನ್ನು ಬೇಸಿಗೆಯಲ್ಲಿ ಬಳಿದ ಸುಣ್ಣ ಮುಚ್ಚಿರುತ್ತದೆ.