ತುಂಬಿದ ಕೊಳದಲ್ಲಿ ಒಂದು ಖಾಲಿ ಜಾಗ

ಅಮ್ಮನಿಗೆ ನನ್ನ ಕೆಲಸ ಏನು ಅಂತ ಹೇಳೋದು ಯಾವಾಗಲೂ ಕಷ್ಟ. ಆ ವರ್ಷ ಮಾತ್ರ ಸುಲಭವಾಯಿತು. "ಈಗ ಏನ್ ಮಾಡ್ತಿದೀಯಪ್ಪಾ?" ಅಂತ ಫೋನಿನಲ್ಲಿ ಕೇಳಿದಳು. "ಸ್ಟ್ಯಾಂಡ್ ಬದಲಾಯಿಸ್ತಿದೀವಮ್ಮ. ಹಳೇದು ತೆಗೆದು ಹೊಸದು ಇಡೋದು" ಅಂದೆ. "ಅಷ್ಟಕ್ಕೆ ಇಂಜಿನಿಯರ್ ಯಾಕೆ ಬೇಕು?" ಅಂದಳು.

ಆ ಸ್ಟ್ಯಾಂಡು 40 ಅಡಿ ನೀರಿನ ತಳದಲ್ಲಿತ್ತು, ಅದರ ತುಂಬ ಬಳಸಿದ ಪರಮಾಣು ಇಂಧನ ಇತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಇದು 2000ದ ಆಚೀಚಿನ ಮಾತು. ಅಮೆರಿಕದ ಒಂದು ವಿದ್ಯುತ್ ಸ್ಥಾವರ, ಒತ್ತಡದ ನೀರಿನ ರಿಯಾಕ್ಟರು. ರ‍್ಯಾಕ್ ಕೂರಿಸುವ ಗುತ್ತಿಗೆದಾರರ ಕಡೆಯಿಂದ ಹೋದ ಮೆಕ್ಯಾನಿಕಲ್ ಇಂಜಿನಿಯರ್ ನಾನು.

ರ‍್ಯಾಕ್ ಅಂದರೆ ಅಮ್ಮನಿಗೆ ಹೇಳಿದ ಆ ಸ್ಟ್ಯಾಂಡೇ. ಸೋಡಾ ಬಾಟಲಿಯ ಕ್ರೇಟ್ ನೆನಪಿಸಿಕೊಳ್ಳಿ. ಒಂದೊಂದು ಬಾಟಲಿಗೆ ಒಂದೊಂದು ಗೂಡು. ನಮ್ಮ ಬಾಟಲಿ ಸುಮಾರು 4 ಮೀಟರ್ ಉದ್ದ, 21 ಸೆಂಟಿಮೀಟರ್ ಅಗಲದ ಚೌಕ. ಒಳಗೆ ಇಂಧನ ತುಂಬಿದ 264 ಸರಳು. ತೂಕ ಸುಮಾರು 650 ಕೆ.ಜಿ. ಇದಕ್ಕೆ ಅಸೆಂಬ್ಲಿ ಅನ್ನುತ್ತಾರೆ. ರಿಯಾಕ್ಟರಿನಲ್ಲಿ ಇಂಥವು 193. ಒಂದೂವರೆ ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು ಹೊರಗೆ ಬಂದು ಕೊಳ ಸೇರುತ್ತೆ.

ಆ ಕೊಳ ತುಂಬಬಾರದಿತ್ತು. ಕಟ್ಟಿದವರ ಲೆಕ್ಕದಲ್ಲಿ ಇಂಧನ ಕೆಲವು ವರ್ಷ ತಣ್ಣಗಾಗಿ ಮರುಸಂಸ್ಕರಣೆಗೆ, ಅಂದರೆ ಮತ್ತೆ ಬಳಸಬಹುದಾದ್ದನ್ನು ಬೇರ್ಪಡಿಸಲು, ಹೋಗಬೇಕಿತ್ತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ನಿಲ್ಲಿಸಿದರು. 1982ರ ಕಾನೂನಿನ ಪ್ರಕಾರ 1998ರ ಜನವರಿ 31ರಿಂದ ಸರ್ಕಾರ ಇಂಧನವನ್ನು ಒಯ್ಯಬೇಕಿತ್ತು. ಆ ದಿನ ಬಂತು, ಹೋಯಿತು, ಲಾರಿ ಬರಲಿಲ್ಲ. ಸ್ಥಾವರದವರು ಇದ್ದ ಜಾಗದಲ್ಲೇ ಒತ್ತರಿಸಿ ಇಡಬೇಕಾಯಿತು.

ಒತ್ತರಿಸೋದಕ್ಕೆ ಒಂದು ಮಿತಿ ಇದೆ. ಅಸೆಂಬ್ಲಿಗಳು ತೀರಾ ಹತ್ತಿರ ಬಂದರೆ, ನಡುವೆ ನೀರೂ ಇರುವುದರಿಂದ, ಸರಣಿ ಕ್ರಿಯೆ ಶುರುವಾಗೋ ಅಪಾಯ. ಅದಕ್ಕೇ ಗೂಡಿನ ಗೋಡೆಗಳಲ್ಲಿ ನ್ಯೂಟ್ರಾನ್ ಹೀರುವ ಬೋರಾನ್ ಹಲಗೆ ಇಡುತ್ತಾರೆ. ನಮ್ಮ ಹಳೇ ರ‍್ಯಾಕ್‌ಗಳಲ್ಲಿ ಇದ್ದದ್ದು ಬೋರಾಫ್ಲೆಕ್ಸ್. ರಬ್ಬರಿನಂಥ ಸಿಲಿಕೋನ್‌ನಲ್ಲಿ ಬೋರಾನ್ ಕಾರ್ಬೈಡ್ ಪುಡಿ ಬೆರೆಸಿದ ಹಾಳೆ. ಗಾಮಾ ಕಿರಣ ಬಿದ್ದೂ ಬಿದ್ದೂ ಅದು ಕುಗ್ಗುತ್ತೆ, ಅಲ್ಲಲ್ಲಿ ಬಿರುಕು ಬಿಡುತ್ತೆ, ಆಮೇಲೆ ನಿಧಾನವಾಗಿ ನೀರಿಗೆ ಕರಗುತ್ತೆ. 1996ರಲ್ಲೇ ಅಮೆರಿಕದ ಪರಮಾಣು ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿ ಈ ಬಗ್ಗೆ ಸ್ಥಾವರಗಳಿಗೆ ಪತ್ರ ಬರೆದಿತ್ತು. ಹಾಳೆ ಕರಗಿದಾಗ ನೀರಿಗೆ ಸೇರೋದು ಸಿಲಿಕಾ. ನಮ್ಮ ಕೊಳದಲ್ಲೂ ಅದು ಏರುತ್ತಲೇ ಇತ್ತು. ಅಂದರೆ ಹಾಳೆ ಸವೆಯುತ್ತಿದೆ ಅಂತಲೇ ಲೆಕ್ಕ. ಹೊಸ ರ‍್ಯಾಕ್‌ನಲ್ಲಿ ಬೋರಾಲ್: ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ಅಲ್ಯೂಮಿನಿಯಂ ಮತ್ತು ಬೋರಾನ್ ಕಾರ್ಬೈಡ್. ಹಳೇದರಲ್ಲಿ ಗೂಡಿನ ನಡುವಿನಿಂದ ಪಕ್ಕದ ಗೂಡಿನ ನಡುವಿಗೆ ಹತ್ತೂವರೆ ಇಂಚು ಇತ್ತು, ಹೊಸದರಲ್ಲಿ ಒಂಬತ್ತು. ಒಂದೂವರೆ ಇಂಚು ಏನು ಮಹಾ ಅನ್ನಿಸಬಹುದು. ಉದ್ದಕ್ಕೂ ಅಗಲಕ್ಕೂ ಉಳಿದರೆ ಮೂರು ಗೂಡಿದ್ದಲ್ಲಿ ನಾಲ್ಕು ಕೂರುತ್ತವೆ.

ಊರಿನ ಗೆಳೆಯರು ಕೈಗಾದಲ್ಲೂ ಹೀಗೇನಾ ಅಂತ ಕೇಳುತ್ತಾರೆ. ಅಲ್ಲ. ಅಲ್ಲಿ ಇಂಧನ ಅರ್ಧ ಮೀಟರಿನ ಪುಟ್ಟ ಕಟ್ಟು. ನೈಸರ್ಗಿಕ ಯುರೇನಿಯಂ ಆದ್ದರಿಂದ ಸಾಮಾನ್ಯ ನೀರಿನಲ್ಲಿ ಎಷ್ಟೇ ಒತ್ತಾಗಿ ಇಟ್ಟರೂ ಸರಣಿ ಕ್ರಿಯೆ ಶುರುವಾಗಲ್ಲ. ಟ್ರೇಗಳಲ್ಲಿಟ್ಟು ಒಂದರ ಮೇಲೊಂದು ಜೋಡಿಸುತ್ತಾರೆ. ನನಗೆ ಹೊಟ್ಟೆಕಿಚ್ಚು.

ಕೆಲಸದ ಕಷ್ಟ ಭಾರ ಎತ್ತೋದರಲ್ಲಿದೆ ಅಂತ ಹೋಗುವ ಮೊದಲು ತಿಳಿದಿದ್ದೆ. ಹತ್ತು ಟನ್‌ಗೂ ಜಾಸ್ತಿ ತೂಗುವ ರ‍್ಯಾಕ್, ಅಲ್ವಾ. ಆದರೆ ಎತ್ತೋದು ಒಂದು ಗಂಟೆಯ ಕೆಲಸ. ನಿಜವಾದ ಕಷ್ಟ ಖಾಲಿ ಜಾಗದ್ದು. ಜಾತ್ರೆಯಲ್ಲಿ ಒಂದು ಪ್ಲಾಸ್ಟಿಕ್ ಆಟ ಸಿಗುತ್ತಿತ್ತು, ಹದಿನೈದು ಬಿಲ್ಲೆ, ಒಂದು ಖಾಲಿ ಮನೆ. ಅದೇ ಆಟ ಇದು. ಕೊಳ ಬರಿದು ಮಾಡುವಂತಿಲ್ಲ, ಇಂಧನ ಹೊರಗೆ ತರುವಂತಿಲ್ಲ. ಒಂದು ಮೂಲೆಯ ಅಸೆಂಬ್ಲಿಗಳನ್ನು ಬೇರೆ ಕಡೆಯ ಖಾಲಿ ಗೂಡುಗಳಿಗೆ ಸರಿಸಬೇಕು, ಆ ಹಳೇ ರ‍್ಯಾಕ್ ತೆಗೆಯಬೇಕು, ಹೊಸದು ಕೂರಿಸಬೇಕು. ಅದರೊಳಕ್ಕೆ ಇಂಧನ ತುಂಬಿದರೆ ಮುಂದಿನ ರ‍್ಯಾಕ್ ಖಾಲಿಯಾಗುತ್ತೆ. ಮೊದಲ ಖಾಲಿ ಜಾಗವೇ ಎಲ್ಲಕ್ಕಿಂತ ದುಬಾರಿ. ಎರಡು ವರ್ಷ ತಡಮಾಡಿದ್ದರೆ ಅದೂ ಇರುತ್ತಿರಲಿಲ್ಲ.

ಇದಕ್ಕೊಂದು ಮೀರಬಾರದ ನಿಯಮ. ಕೊಕ್ಕೆಯಲ್ಲಿ ತೂಗುವ ರ‍್ಯಾಕ್ ಇಂಧನದ ಮೇಲೆ ಹಾಯಬಾರದು. ಒಂದು ಇಂಚೂ ಹಾಯಬಾರದು.

ನಾನು ಎಡವಿದ್ದು ಇಲ್ಲೇ. ಕಂಪ್ಯೂಟರಿನಲ್ಲಿ ಒಂದೊಂದು ರ‍್ಯಾಕ್ ಹೋಗುವ ದಾರಿ ಬರೆದಿದ್ದೆ. ಐದನೆಯದಕ್ಕೆ ತುಂಬಿದ ರ‍್ಯಾಕಿನ ಪಕ್ಕದಲ್ಲೇ ಓಣಿ ಬಿಟ್ಟಿದ್ದೆ. ಕಾಗದದಲ್ಲಿ ಎಲ್ಲಾ ಸರಿ. ಸ್ಥಾವರದಲ್ಲಿ ಇಂಧನ ಸಾಗಿಸುವ ತಂಡದ ಹಿರಿಯ ಹೆಂಗಸೊಬ್ಬರಿದ್ದರು. ಇಪ್ಪತ್ತು ವರ್ಷ ಅದೇ ಕೆಲಸ. ಸಭೆಗೆ ಬಂದವರು ನನ್ನ ಡ್ರಾಯಿಂಗ್ ಪಕ್ಕಕ್ಕಿಟ್ಟು ಚೀಲದಿಂದ ರಟ್ಟಿನ ಚೌಕಗಳನ್ನು ತೆಗೆದರು. ಹಳೇ ಫೈಲಿನ ರಟ್ಟನ್ನು ಅಳತೆಗೆ ಸರಿಯಾಗಿ ಕತ್ತರಿಸಿ ತಂದಿದ್ದರು. ಮೇಜಿನ ಮೇಲೆ ಕೊಳ ಬರೆದು, ಐದನೇ ಚೌಕವನ್ನು ಬೆರಳಲ್ಲಿ ತಳ್ಳಿಕೊಂಡು ಹೋದರು. ಓಣಿಯ ನಡುವೆ ನಿಲ್ಲಿಸಿ ಅದನ್ನು ಸ್ವಲ್ಪ ತಿರುಗಿಸಿದರು. ಮೂಲೆ ಪಕ್ಕದ ರ‍್ಯಾಕಿನ ಮೇಲೆ ಹೋಯಿತು.

"ಕೊಕ್ಕೆಗೆ ತೂಗುಹಾಕಿದ್ದು ನೀನು ಬರೆದ ಹಾಗೆ ನೆಟ್ಟಗೆ ನಿಂತಿರಲ್ಲ ಮಗಾ" ಅನ್ನುವ ಅರ್ಥದ ಮಾತು ಹೇಳಿದರು. ನನ್ನ ಮುಖ ಬೆಚ್ಚಗಾಯಿತು. ಚೌಕ ತಿರುಗಿದರೆ ಅಗಲ ಜಾಸ್ತಿಯಾಗುತ್ತೆ ಅನ್ನೋದು ಹೈಸ್ಕೂಲ್ ರೇಖಾಗಣಿತ. ಇಡೀ ಕ್ರಮ ಮತ್ತೆ ಬರೆದೆ. ಎರಡು ಸಾಲು ಇಂಧನ ಹೆಚ್ಚಿಗೆ ಸರಿಸಬೇಕಾಯಿತು, ದಿನಗಳು ಜಾಸ್ತಿ ಹಿಡಿದವು. ಅಂದಿನಿಂದ ನಾನೂ ರಟ್ಟು ಕತ್ತರಿಸುತ್ತೇನೆ.

ಇಂಧನ ಸರಿಸೋದು ನೋಡಲು ಬೇಜಾರಿನ ಕೆಲಸ. ಯಾವುದು ಎಲ್ಲಿಗೆ ಅಂತ ಒಬ್ಬ ಓದುತ್ತಾನೆ, ಇನ್ನೊಬ್ಬ ಎತ್ತುತ್ತಾನೆ, ಮೂರನೆಯವನು ನೀರೊಳಗಿನ ಕ್ಯಾಮೆರಾದಲ್ಲಿ ಅಸೆಂಬ್ಲಿಯ ನಂಬರ್ ನೋಡಿ ಹೂಂ ಅನ್ನುತ್ತಾನೆ. ಹಗಲೂ ರಾತ್ರಿ ಇದೇ. ರಿಯಾಕ್ಟರಿನಿಂದ ಹೊಸದಾಗಿ ಬಂದ ಇಂಧನದ ಸುತ್ತ ನೀಲಿ ಬೆಳಕು. ಮೊದಲ ವಾರ ನೋಡುತ್ತಾ ನಿಲ್ಲುತ್ತಿದ್ದೆ. ಆಮೇಲೆ ಅದೂ ಟ್ಯೂಬ್‌ಲೈಟ್ ಆಯಿತು.

ಕೊಳದ ಅಂಚಿನಲ್ಲಿ ಜೇಬಿನಲ್ಲಿ ಏನೂ ಇರಬಾರದು. ಕನ್ನಡಕಕ್ಕೂ ದಾರ, ಪೆನ್ನಿಗೂ ದಾರ. ಪಾರದರ್ಶಕ ಪ್ಲಾಸ್ಟಿಕ್ ಒಳಗೆ ತರುವಂತೆಯೇ ಇಲ್ಲ, ನೀರಿಗೆ ಬಿದ್ದರೆ ಕಾಣಲ್ಲ. ಇಷ್ಟೆಲ್ಲ ಇದ್ದೂ, ಮೊದಲ ಹಳೇ ರ‍್ಯಾಕ್ ಎದ್ದ ಮೇಲೆ ಅದರಡಿಯ ನೆಲದಲ್ಲಿ ಎರಡು ನಟ್ಟು, ಒಂದು ವಾಷರ್ ಸಿಕ್ಕವು. ಯಾರ ಕಾಲದ್ದೋ.

ಕೆಲವು ರ‍್ಯಾಕ್‌ಗಳಿಗೆ ಗೋಡೆಯ ಕಡೆ ಉಕ್ಕಿನ ಆಸರೆ ಇತ್ತು. ಕತ್ತರಿಸಲು ಡೈವರ್‌ಗಳು ಇಳಿಯಬೇಕು. ನೀರು ಒಳ್ಳೇ ಗುರಾಣಿ, ಸುಮಾರು ಎರಡು ಅಡಿ ನೀರು ದಾಟುವಷ್ಟರಲ್ಲಿ ವಿಕಿರಣ ಹತ್ತನೇ ಒಂದು ಪಾಲಿಗೆ ಇಳಿಯುತ್ತೆ. ಅದೇ ಲೆಕ್ಕ ತಿರುಗಿಸಿ ನೋಡಿ: ಡೈವರ್ ಇಂಧನದ ಕಡೆ ಎರಡು ಅಡಿ ತೇಲಿದರೆ ಹತ್ತು ಪಟ್ಟು. ಇಳಿಯುವ ಮೊದಲು ಆ ಜಾಗವನ್ನೆಲ್ಲ ಮೀಟರಿನಿಂದ ಅಳೆಯುತ್ತಿದ್ದರು. ಹತ್ತಿರದ ಸಾಲುಗಳ ಇಂಧನ ಮೊದಲೇ ತೆಗೆದಿರುತ್ತಿತ್ತು. ಡೈವರ್ ದೂರ ಹೋಗದಂತೆ ಹಗ್ಗ, ಕೈಕಾಲು ಎದೆಗೆಲ್ಲ ಮೈಗೆ ತಾಗಿದ ವಿಕಿರಣ ಅಳೆಯುವ ಡೋಸಿಮೀಟರ್, ಓದು ಮೇಲೆ ಪರದೆಯಲ್ಲಿ. ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಹೆಲ್ತ್ ಫಿಸಿಕ್ಸ್‌ನ ಹುಡುಗ ಆ ಅಂಕಿಗಳಿಂದ ಕಣ್ಣು ಕದಲಿಸುತ್ತಿರಲಿಲ್ಲ. ಡೈವರ್‌ಗಳ ದೂರು ಮಾತ್ರ ಬೇರೆ: ನೀರು ಬಿಸಿ, ಸೂಟಿನೊಳಗೆ ಬೆವರು.

ಕ್ರೇನ್ ಬಗ್ಗೆ ಒಂದು ಮಾತು. ಕಟ್ಟಡದ ದೊಡ್ಡ ಕ್ರೇನ್ ಕೊಳದ ಮೇಲೆ ಬರದಂತೆ ಬೇಕೆಂದೇ ತಡೆ ಹಾಕಿರುತ್ತಾರೆ. ಆದ್ದರಿಂದ ಇಂಧನ ಸಾಗಿಸುವ ಸೇತುವೆಯ ಹಳಿಗಳ ಮೇಲೆಯೇ ತಾತ್ಕಾಲಿಕ ಕ್ರೇನ್ ಕೂರಿಸಿದೆವು. ರ‍್ಯಾಕನ್ನು ಮೇಲಿನ ಅಂಚಿನಲ್ಲಿ ಹಿಡಿಯಲ್ಲ. ನಾಲ್ಕು ಗೂಡುಗಳೊಳಗೆ ಉದ್ದ ಸರಳು ಇಳಿಸಿ, ತಳದ ತಟ್ಟೆಯ ಕೆಳಗೆ ಕಾಲು ಸುತ್ತು ತಿರುಗಿಸಿ ಸಿಕ್ಕಿಸೋದು. ನಾಲ್ಕೂ ಸಿಕ್ಕಿದೆಯಾ ಅಂತ ಕ್ಯಾಮೆರಾದಲ್ಲಿ ಒಂದೊಂದಾಗಿ ನೋಡಬೇಕು.

ಹಳೇದು ಮೇಲೆ ಬರುವಾಗ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ನೀರಿನಿಂದ ಒಂದೊಂದು ಅಡಿ ಎದ್ದ ಹಾಗೆ ಒತ್ತಡದ ನೀರಿನಲ್ಲಿ ತೊಳೆಯೋದು, ಅಳೆಯೋದು. ಮೂರನೇ ರ‍್ಯಾಕ್ ಅರ್ಧ ಎದ್ದಾಗ ಮೀಟರ್ ಜಿಗಿಯಿತು. ಯಾವುದೋ ಮೂಲೆಯಲ್ಲಿ ಕಣ್ಣಿಗೂ ಕಾಣದ ಒಂದು ಕಣ ಸಿಕ್ಕಿಕೊಂಡಿದೆ. ಯಾರೂ ಚರ್ಚೆ ಮಾಡಲಿಲ್ಲ. ಕ್ರೇನಿನವನು ಬಂದ ದಾರಿಯಲ್ಲೇ ರ‍್ಯಾಕ್ ಇಳಿಸಿದ. ನೀರೊಳಗಿನ ವ್ಯಾಕ್ಯೂಮ್ ಹಿಡಿದು ಗೂಡು ಗೂಡು ಗುಡಿಸಿದರು. ಮರುದಿನ ಮಧ್ಯಾಹ್ನ ಮತ್ತೆ ಎತ್ತಿದಾಗ ಮೀಟರ್ ಸುಮ್ನಿತ್ತು. ಒಂದು ಪಾಳಿ ಹೋಯಿತು ಅಂತ ನಮ್ಮ ಮ್ಯಾನೇಜರ್ ಗೊಣಗಿದರು. ಅದು ಸರಿಯಾಗಿ ಖರ್ಚಾದ ಪಾಳಿ ಅಂತ ನನಗೆ ಈಗಲೂ ಅನ್ನಿಸುತ್ತೆ.

ಹೊಸ ರ‍್ಯಾಕ್ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಲ್ಲ. ಕಾಲುಗಳ ಮೇಲೆ ಸುಮ್ನೆ ನಿಂತಿರುತ್ತೆ, ಭೂಕಂಪ ಆದರೆ ತುಸು ಜಾರುವಂತೆ ಲೆಕ್ಕ ಮಾಡಿರುತ್ತಾರೆ. ಕಾಲಿನಡಿ ಉಕ್ಕಿನ ದಪ್ಪ ತಟ್ಟೆ. ಆ ತಟ್ಟೆ ಕೊಳದ ತಳದ ಸ್ಟೀಲ್ ಹಾಳೆಯ ಬೆಸುಗೆಯ ಮೇಲೆ ಕೂರಬಾರದು. ಮಟ್ಟ ಮಾಡೋದು ಮೇಲಿಂದಲೇ: ಗೂಡಿನೊಳಗೆ ಉದ್ದ ಕೀಲಿ ಇಳಿಸಿ ಕಾಲಿನ ತಿರುಪು ತಿರುಗಿಸೋದು. ನಾಲ್ಕು ಕಾಲಿನ ಕುರ್ಚಿಯ ಕುಂಟು ನಿಲ್ಲಿಸಿದವರಿಗೆ ಗೊತ್ತು, ಒಂದು ಸರಿಮಾಡಿದರೆ ಇನ್ನೊಂದು ಏಳುತ್ತೆ. ಒಂದು ರ‍್ಯಾಕಿಗೆ ಇಡೀ ರಾತ್ರಿ ಹಿಡಿಯಿತು.

ಆಮೇಲೆ ಗೇಜ್. ಅಸೆಂಬ್ಲಿಯದೇ ಅಳತೆಯ ಡಮ್ಮಿಯನ್ನು ಪ್ರತಿ ಗೂಡಿಗೂ ಇಳಿಸಿ ಎತ್ತಬೇಕು. ಎಳೆಯಲು ಬೇಕಾದ ಬಲ ಮಿತಿ ದಾಟಿದರೆ ಆ ಗೂಡು ಬಳಕೆಗಿಲ್ಲ. ಒಂದು ರ‍್ಯಾಕಿನ ಅಂಚಿನ ಗೂಡಿನಲ್ಲಿ ಉಜ್ಜುವ ಬಲ ಜಾಸ್ತಿ ಬಂತು. ಒಂದು ಗೂಡು ಬಿಟ್ಟರಾಯಿತು ಅಂದರು ಕೆಲವರು. ನಾನು ಕಾಲಿನ ಮಟ್ಟ ಮತ್ತೆ ನೋಡೋಣ ಅಂದೆ. ರ‍್ಯಾಕ್ ಕೂದಲೆಳೆಯಷ್ಟು ವಾಲಿತ್ತು. ಸರಿಮಾಡಿದ ಮೇಲೆ ಡಮ್ಮಿ ಬೆಣ್ಣೆಯಂತೆ ಇಳಿಯಿತು.

ಮೊದಲ ಹೊಸ ರ‍್ಯಾಕ್ ಇಳಿಸಿದ ರಾತ್ರಿ ಕಂಟ್ರೋಲ್ ರೂಮಿನಿಂದ ಫೋನು. ರ‍್ಯಾಕಿನಿಂದ ಗುಳ್ಳೆ ಬರ್ತಿದೆ, ಏನಿದು? ಬೋರಾಲ್‌ನ ಅಲ್ಯೂಮಿನಿಯಂ ನೀರು ತಾಗಿದಾಗ ಮೊದಮೊದಲು ಹೈಡ್ರೋಜನ್ ಬಿಡುತ್ತೆ. ಅದಕ್ಕೇ ಹಲಗೆಯ ಕವಚಕ್ಕೆ ಗಾಳಿ ಹೋಗುವ ಜಾಗ ಬಿಟ್ಟಿರೋದು. ಹಿಂದೆ ಕೆಲವು ಕಡೆ ಮುಚ್ಚಿದ ಕವಚದಲ್ಲಿ ಅನಿಲ ತುಂಬಿ ಗೋಡೆ ಉಬ್ಬಿದ್ದುಂಟು. ನಮಗೆ ಗೊತ್ತಿತ್ತು, ಪಾಳಿಯವರಿಗೆ ಹೇಳಲು ಮರೆತಿದ್ದೆವು. ಬೆಳಗಿನ ಜಾವ ಎರಡೂವರೆಗೆ ಎದ್ದು ಹೋಗಿ ಗುಳ್ಳೆಗಳನ್ನು ತೋರಿಸಿ ವಿವರಿಸಿ ಬಂದೆ.

ಕೊನೆಯ ರ‍್ಯಾಕ್ ಕೂತ ದಿನ ಕೊಳದ ಗೋಡೆಯ ಬದಿಯಲ್ಲಿ ಒಂದು ಸಣ್ಣ ಸರಳು ಇಳಿಬಿಟ್ಟೆವು. ಅದರ ತುಂಬ ಬೋರಾಲ್‌ನ ಪುಟ್ಟ ತುಂಡುಗಳು. ಸುತ್ತ ಹೊಸದಾಗಿ ಹೊರಬಂದ ಇಂಧನ ಇಡುತ್ತಾರೆ, ಹಲಗೆಗಿಂತ ತುಂಡಿಗೇ ಜಾಸ್ತಿ ವಿಕಿರಣ ತಾಗಲಿ ಅಂತ. ಕೆಲವು ವರ್ಷಕ್ಕೊಮ್ಮೆ ಒಂದು ತುಂಡು ತೆಗೆದು ತೂಗಿ, ದಪ್ಪ ಅಳೆದು, ಬೋರಾನ್ ಎಷ್ಟಿದೆ ನೋಡುತ್ತಾರೆ. ಮೊದಲ ತುಂಡು ತೆಗೆಯುವ ಹೊತ್ತಿಗೆ ನಾನು ಬೇರೆ ರಾಜ್ಯದಲ್ಲಿದ್ದೆ. ತಡೆಯಲಾಗದೆ ರಟ್ಟಿನ ಚೌಕದ ಹೆಂಗಸಿಗೆ ಫೋನ್ ಮಾಡಿದೆ. ನಿವೃತ್ತಿಗೆ ಇನ್ನೆರಡು ತಿಂಗಳಿದೆ ಅಂದರು. ತುಂಡು ಹೇಗಿದೆ ಅಂತ ಕೇಳಿದೆ.

"ಹಾಕಿದಷ್ಟೇ ಇದೆ" ಅಂದರು.